ಅರವತ್ತಮೂರನೆಯ ಮೊಮೆಂಟೊ

ಭಾನುವಾರದೊಳಗೆ ಗಾಜಿನ ಬೀರು ಖಾಲಿಯಾಗಬೇಕು ಎಂದು ಹೆಂಡತಿ ಸೋಮವಾರ ಬೆಳಿಗ್ಗೆಯೇ ಘೋಷಿಸಿಬಿಟ್ಟಳು. ಸೀಟಿ ಮೇಷ್ಟ್ರು ಆಗ ಹಲ್ಲುಜ್ಜುತ್ತಿದ್ದರು. ಬಾಯಿತುಂಬ ನೊರೆ ಇದ್ದುದರಿಂದ ತಕ್ಷಣ ಪ್ರತಿಭಟಿಸಲಾಗಲಿಲ್ಲ. (ಮುಖ್ಯವಾದ ಮಾತುಗಳನ್ನೆಲ್ಲ ಅವಳು ಆ ಹೊತ್ತಿಗೆಂದೇ ಕಾದಿಟ್ಟುಕೊಂಡಿರುತ್ತಾಳೆ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಆ ಮನೆಯ ದೊಡ್ಡ ತೀರ್ಮಾನಗಳೆಲ್ಲ ಮೇಷ್ಟ್ರ ಬಾಯಲ್ಲಿ ಬ್ರಷ್ಷು ಇದ್ದಾಗಲೇ ಆಗಿಹೋಗಿವೆ.) ಅವರು ಬಾಯಿ ಮುಕ್ಕಳಿಸುವಷ್ಟರಲ್ಲಿ ಅವಳು ಹೊಲಿಗೆ ಯಂತ್ರದ ಮುಂದೆ ಕೂತಾಗಿತ್ತು. ಅದರ ಸದ್ದಿನಲ್ಲಿ ಅವರ ಆಕ್ಷೇಪಣೆ ಅವರಿಗೇ ಕೇಳಿಸಲಿಲ್ಲ. ಆದರೂ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡು ಮನಸ್ಸು ಗಟ್ಟಿ ಮಾಡಿದರು. ಜಪ್ಪಯ್ಯ ಅಂದರೂ ಆ ಬೀರು ಖಾಲಿಯಾಗಕೂಡದು.

ಮೇಷ್ಟ್ರು ಹೈಸ್ಕೂಲಿನಲ್ಲಿ ಆಟ ಕಲಿಸುವವರು. ಕೊರಳಲ್ಲಿ ಸದಾ ಸೀಟಿ ತೂಗಾಡುತ್ತಿದ್ದುದರಿಂದ ಊರಿಗೆಲ್ಲ ಸೀಟಿ ಮೇಷ್ಟ್ರು. ಬ್ಯಾಂಕಿನವರು ಓಡಲಿ, ಕಾರ್ಖಾನೆಯವರು ಹಗ್ಗ ಎಳೆಯಲಿ, ತೀರ್ಪುಗಾರರಾಗಿ ಇವರೇ ಬೇಕು. ಸಂಜೆಗೆ ವೇದಿಕೆಗೆ ಕರೆದು ಕೈಗೊಂದು ಮೊಮೆಂಟೊ ಕೊಡುತ್ತಾರೆ. ಮರದ್ದು, ಗಾಜಿನದ್ದು, ಹಿತ್ತಾಳೆಯಂತೆ ಕಾಣುವ ಪ್ಲಾಸ್ಟಿಕ್ಕಿನದ್ದು, ಹುಟ್ಟಿದಂದಿನಿಂದ ಹತ್ತೂ ಹತ್ತನ್ನೇ ತೋರಿಸುತ್ತಿರುವ ಒಂದು ಗಡಿಯಾರ, ಹದ್ದು ಎಂದು ಕೊಟ್ಟಿದ್ದರೂ ಯಾವ ಕೋನದಿಂದ ನೋಡಿದರೂ ಕೋಳಿಯೇ ಆಗಿರುವ ಒಂದು ಪಕ್ಷಿ. ಎಲ್ಲ ಸೇರಿ ಅರವತ್ತಮೂರು. ಮನೆಗೆ ಬಂದವರು ಇನ್ನೂ ಚಪ್ಪಲಿ ಬಿಡುತ್ತಿರುವಾಗಲೇ ಮೇಷ್ಟ್ರು ಆ ಸಂಖ್ಯೆಯನ್ನು ಹೇಳಿಬಿಡುತ್ತಿದ್ದರು.

ನಗಬೇಡಿ. ಓಡಿದವನಿಗೆ ಚಪ್ಪಾಳೆ ಬೀಳುತ್ತದೆ, ಬಿದ್ದವನಿಗೂ ಪಾಪ ಎಂದು ಎರಡು ಚಪ್ಪಾಳೆ ಬೀಳುತ್ತದೆ. ಸೀಟಿ ಊದಿದವನಿಗೆ ಬೈಗುಳವಲ್ಲದೆ ಬೇರೇನೂ ಬಿದ್ದದ್ದಿಲ್ಲ. ಇಪ್ಪತ್ತೈದು ವರ್ಷ ಬಿಸಿಲಲ್ಲಿ ನಿಂತು ಗೆರೆ ಕಾದದ್ದಕ್ಕೆ ಅವರ ಹತ್ತಿರ ಇದ್ದ ಸಾಕ್ಷಿ ಆ ಬೀರು ಒಂದೇ. ಅದು ಅಟ್ಟ ಸೇರಿದರೆ ತಮ್ಮನ್ನೇ ಮಡಿಚಿ ಅಟ್ಟಕ್ಕೆ ಹಾಕಿದಂತೆ ಎಂದು ಅವರಿಗೆ ನಿಜವಾಗಿಯೂ ಅನಿಸುತ್ತಿತ್ತು.

ಹೆಂಡತಿಯ ಕಷ್ಟವೂ ಸುಳ್ಳಲ್ಲ. ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದ ಅವಳಿಗೆ ದಾದಿಯರ ಶಾಲೆಯೊಂದು ಇನ್ನೂರು ಸಮವಸ್ತ್ರ ಹೊಲಿಯಲು ಹೇಳಿತ್ತು. ಅಷ್ಟು ದೊಡ್ಡ ಕೆಲಸ ಸಿಕ್ಕಿದ್ದು ಇದೇ ಮೊದಲು. ಬಿಳಿ ಬಟ್ಟೆಯ ಸುರುಳಿಗಳು ಊಟದ ಮೇಜಿನ ಮೇಲೆ, ಕುರ್ಚಿಯ ಮೇಲೆ, ಕೊನೆಗೆ ಮೇಷ್ಟ್ರ ಅರ್ಧ ಹಾಸಿಗೆಯ ಮೇಲೆ ಮಲಗಿದ್ದವು. ಅನ್ನದಲ್ಲಿ ದಾರ ಸಿಗುವುದು ಮಾಮೂಲಾಗಿತ್ತು. ಮೊನ್ನೆ ಗುಂಡಿ ಸಿಕ್ಕಿತ್ತು. ಮುಂದಿನ ಸೋಮವಾರ ಶಾಲೆಯವರು ಬಂದು ಅಳತೆ, ಬಟ್ಟೆ, ಕತ್ತರಿಸಿದ್ದು ಎಲ್ಲ ಬೇರೆ ಬೇರೆ ಜೋಡಿಸಿರುವುದನ್ನು ನೋಡಬೇಕಿತ್ತು. ಜೋಡಿಸಲು ಇದ್ದ ಜಾಗ ಒಂದೇ, ಆ ಬೀರು.

ಅರ್ಧ ಹಾಸಿಗೆಯಲ್ಲಿ ಮುದುಡಿ ಮಲಗಿ ಮೇಷ್ಟ್ರ ಕತ್ತು ಉಳುಕಿತು. ಮುಲಾಮು ತರಲು ಮದ್ದಿನಂಗಡಿ ತಾತನ ಹತ್ತಿರ ಹೋದರು. ಈ ತಾತ ಚಿಕ್ಕಂದಿನಲ್ಲಿ ವೈದ್ಯರ ಚೀಟಿ ಓದಲೆಂದು ನಾಲ್ಕು ಲ್ಯಾಟಿನ್ ಶಬ್ದ ಕಲಿತವರು, ಆಮೇಲೆ ಅದರ ಹುಚ್ಚು ಹಿಡಿದು ಇಡೀ ವ್ಯಾಕರಣವನ್ನೇ ಅರೆದು ಕುಡಿದವರು. ಕೆಮ್ಮಿನ ಔಷಧಿಗೆ ಬಂದವರಿಗೆ ಎರಡು ಕ್ರಿಯಾಪದ ಹೇಳಿಕೊಡದೆ ಕಳಿಸುತ್ತಿರಲಿಲ್ಲ. ಅದಕ್ಕೇ ಜನ ತೀರ ಕೆಮ್ಮು ಹೆಚ್ಚಾದಾಗ ಮಾತ್ರ ಅಲ್ಲಿಗೆ ಹೋಗುತ್ತಿದ್ದರು.

ಮೇಷ್ಟ್ರು ಕತ್ತು ಒಂದು ಪಕ್ಕಕ್ಕೆ ವಾಲಿಸಿಕೊಂಡೇ ತಮ್ಮ ಮೊಮೆಂಟೊಗಳ ಕಷ್ಟ ತೋಡಿಕೊಂಡರು.

"ಅದು ವಸ್ತು ಅಂತ ಯಾರು ಹೇಳಿದ್ರು ನಿಮಗೆ?" ಎಂದರು ತಾತ, ಕನ್ನಡಕ ಏರಿಸಿ. "ಅದು ಲ್ಯಾಟಿನ್ ಕ್ರಿಯಾಪದ. ಮೊಮೆಂಟೊ ಅಲ್ಲ, ಮೆಮೆಂಟೊ. ನೆನಪಿಟ್ಟುಕೋ ಅನ್ನೋ ಆಜ್ಞೆ."

"ಆಜ್ಞೆಯಾ?"

"ಆಜ್ಞೆ. ಅದೂ ಅಂತಿಂಥದ್ದಲ್ಲ. ಆ ಭಾಷೇಲಿ ಆಜ್ಞೆ ಎರಡು ಥರ. ಈಗಲೇ ಮಾಡು ಅನ್ನೋದು ಒಂದು, ಇನ್ನು ಮುಂದೆ ಮಾಡತಕ್ಕದ್ದು ಅನ್ನೋದು ಇನ್ನೊಂದು. ಕಾನೂನಿನ ಪುಸ್ತಕದಲ್ಲಿ ಬರೆಯೋದು ಈ ಎರಡನೇದನ್ನ. ಈ ಕ್ರಿಯಾಪದಕ್ಕೆ ಎರಡನೇದೇ ಗತಿ, ಮೊದಲನೇದು ಇಲ್ಲವೇ ಇಲ್ಲ. ಇನ್ನೂ ಒಂದು ಮಜಾ ಇದೆ. ನೆನಪಿದೆ ಅಂತ ಹೇಳೋಕೆ ಅದಕ್ಕೆ ವರ್ತಮಾನಕಾಲದ ರೂಪವೇ ಇಲ್ಲ. ಆಗಿಹೋದದ್ದರ ರೂಪ ಹಾಕ್ಕೊಂಡು ಈಗಿನ ಅರ್ಥ ಕೊಡುತ್ತೆ. ಮಧ್ಯಮ ಪುರುಷ, ಏಕವಚನ. ಅಂದ್ರೆ ಎದುರಿಗೆ ನಿಂತ ಒಬ್ಬನಿಗೇ ಹೇಳಿದ್ದು."

ಮೇಷ್ಟ್ರ ಕತ್ತು ಮುಲಾಮಿಲ್ಲದೆಯೇ ನೆಟ್ಟಗಾಯಿತು. ಇಷ್ಟು ದಿನ ಬೀರುವಿನಲ್ಲಿ ಧೂಳು ತಿನ್ನುತ್ತಿದ್ದದ್ದು ಬರೀ ಪ್ಲಾಸ್ಟಿಕ್ಕಲ್ಲ, ಸಾಕ್ಷಾತ್ ರಾಜಾಜ್ಞೆ. ಒಂದಲ್ಲ, ಅರವತ್ತಮೂರು. ರಾಜಾಜ್ಞೆಯನ್ನು ಅಟ್ಟಕ್ಕೆ ಹಾಕುವವರುಂಟೆ? ಅವರು ದಾರಿಯುದ್ದಕ್ಕೂ ಭಾಷಣ ಸಿದ್ಧಪಡಿಸಿಕೊಂಡು, ಮುಲಾಮನ್ನು ತಾತನ ಅಂಗಡಿಯಲ್ಲೇ ಮರೆತು ಮನೆಗೆ ಬಂದರು.

ಹೆಂಡತಿ ಯಂತ್ರ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು, ಭಾಷಣವನ್ನು ಪೂರ್ತಿ ಕೇಳಿಸಿಕೊಂಡಳು. ಕಾಲೇಜಿಗೆ ಹೋಗುವ ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು.

"ಏಕವಚನ ಅಂದ್ರಲ್ಲ, ಅಂದ್ರೆ ನಿಮಗೊಬ್ಬರಿಗೇ ಹೇಳಿದ್ದು?" ಎಂದಳು ಹೆಂಡತಿ.

"ನನಗೊಬ್ಬನಿಗೇ," ಎಂದರು ಮೇಷ್ಟ್ರು ಎದೆಯುಬ್ಬಿಸಿ.

"ನನಗಲ್ಲ?"

"ಹೇಗಾಗುತ್ತೆ? ಕೊಟ್ಟಿದ್ದು ನನ್ನ ಕೈಗೆ."

"ಹಾಗಾದ್ರೆ ಇಪ್ಪತ್ತೊಂದು ವರ್ಷದಿಂದ ನಾನ್ಯಾಕ್ರೀ ಅದರ ಧೂಳು ಒರೆಸ್ತಿದೀನಿ?"

ಈ ದಿಕ್ಕಿನಿಂದ ದಾಳಿಯಾಗುತ್ತದೆಂದು ತಾತ ಹೇಳಿಕೊಟ್ಟಿರಲಿಲ್ಲ. ಮೇಷ್ಟ್ರು ಸೀಟಿಯ ದಾರವನ್ನು ತಿರುಚತೊಡಗಿದರು.

"ಇರಲಿ ಬಿಡಿ," ಎಂದಳು ಹೆಂಡತಿ. "ನೆನಪಿಟ್ಟುಕೋ ಅಂತ ಆಜ್ಞೆ ಅಲ್ವಾ? ಏನನ್ನ ನೆನಪಿಟ್ಟುಕೋಬೇಕು?"

"ಆಯಾ ಕ್ರೀಡಾಕೂಟನ."

"ನೆನಪಿದೆಯಾ?"

"ಒಂದೂ ಬಿಡದೆ."

"ಸರಿ. ಭಾನುವಾರ ಬೆಳಿಗ್ಗೆ ಪರೀಕ್ಷೆ. ನಾನು ಒಂದೊಂದೇ ತೆಗೆದು, ಕೆಳಗೆ ಬರೆದಿರೋದನ್ನ ಅಂಗೈಲಿ ಮುಚ್ಚಿ ತೋರಿಸ್ತೀನಿ. ಎಲ್ಲಿ, ಯಾರದ್ದು, ಏನಾಯ್ತು ಅಂತ ಹೇಳಬೇಕು. ಹೇಳಿದ್ದು ಬೀರುಲಿ ಇರುತ್ತೆ. ಹೇಳದೆ ಇದ್ದದ್ದು ಪೆಟ್ಟಿಗೆ ಸೇರುತ್ತೆ. ಎಲ್ಲ ಸರಿ ಹೇಳಿದ್ರೆ ನಾನು ಬಟ್ಟೆನೆಲ್ಲ ತಲೆ ಮೇಲೆ ಹೊತ್ಕೊಂಡು ಹೊಲೀತೀನಿ, ಬೀರು ಸುದ್ದಿಗೆ ಬರಲ್ಲ."

"ಅಂಕ ನಾನು ಬರೀತೀನಿ," ಎಂದಳು ಮಗಳು. ಅವಳಿಗೆ ಆ ಮನೆಯಲ್ಲಿ ಇಷ್ಟು ಮನರಂಜನೆ ಸಿಕ್ಕಿ ಬಹಳ ದಿನಗಳಾಗಿದ್ದವು.

ಆ ವಾರ ಮೇಷ್ಟ್ರು ಟೊಂಕ ಕಟ್ಟಿ ನಿಂತರು. ಬೀರುವಿನ ಮುಂದೆ ಕೂತು ಒಂದು ನೋಟ್‌ಬುಕ್ಕಿನ ತುಂಬ ಟಿಪ್ಪಣಿ ಮಾಡಿಕೊಂಡರು. ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಎಡ-ಬಲ ಹೇಳುತ್ತಲೇ ಮನಸ್ಸಿನಲ್ಲಿ ಅಂಚೆ ಸಿಬ್ಬಂದಿ, ಆರಕ್ಷಕರ ವಸತಿಗೃಹ, ಸಕ್ಕರೆ ಕಾರ್ಖಾನೆ ಎಂದು ಜಪಿಸುತ್ತಿದ್ದರು. ಗುರುವಾರ ಏಳನೇ ತರಗತಿಗೆ 'ಬಲಕ್ಕೆ ತಿರುಗು' ಎನ್ನುವ ಬದಲು 'ಸಕ್ಕರೆಗೆ ತಿರುಗು' ಎಂದುಬಿಟ್ಟರು. ಮಕ್ಕಳು ಶಿಸ್ತಿನವರು, ಅರ್ಧ ತರಗತಿ ಊಟದ ಕೋಣೆಯ ಕಡೆ ತಿರುಗಿತು.

ಬೀರುವಿನ ಮೂಲೆಯಲ್ಲಿದ್ದ ಒಂದು ಸಣ್ಣ ಮೊಮೆಂಟೊದ ಬರಹ ಮಾಸಿ, ಹೊರಗೆ ತೆಗೆಯದೆ ಓದಲು ಬರುತ್ತಿರಲಿಲ್ಲ. ಅದು ಯಾವುದೋ ಮಕ್ಕಳ ಕೂಟದ್ದಿರಬೇಕು, ಅಂದಾಜಿನಲ್ಲಿ ದಾಟಿಸಿದರಾಯಿತು ಎಂದು ಮೇಷ್ಟ್ರು ಬಿಟ್ಟರು. ಭಾನುವಾರದ ಹೊತ್ತಿಗೆ ಅವರಿಗೆ ತಮ್ಮ ಹುಟ್ಟಿದ ದಿನ ಮರೆತಿದ್ದರೂ ಆಶ್ಚರ್ಯವಿರಲಿಲ್ಲ, ಆದರೆ ವಿದ್ಯುತ್ ಕಚೇರಿಯ ಹಗ್ಗಜಗ್ಗಾಟದ ದಿನ ಮರೆತಿರಲಿಲ್ಲ.

ಪರೀಕ್ಷೆ ಶುರುವಾಯಿತು. ಹೆಂಡತಿ ಮೊದಲು ಹದ್ದನ್ನೇ ತೆಗೆದಳು.

"ವಿದ್ಯುತ್ ಕಚೇರಿ. ಹಗ್ಗ ನಡುವೆ ತುಂಡಾಯ್ತು. ಎರಡೂ ಕಡೆಯವರು ಹಿಂದಕ್ಕೆ ಬಿದ್ದು, ಗೆದ್ದಿದ್ದು ನಾವೇ ಅಂದ್ರು. ನಾನು ಹಗ್ಗನೇ ಸೋತಿದೆ ಅಂತ ತೀರ್ಪು ಕೊಟ್ಟೆ."

"ಸರಿ. ಈ ಗಾಜಿನ ಇಟ್ಟಿಗೆ?"

"ಹಲ್ಲಿನ ಡಾಕ್ಟರುಗಳ ಸಂಘ. ಚಮಚದಲ್ಲಿ ನಿಂಬೆಹಣ್ಣು ಇಟ್ಕೊಂಡು ಓಡೋದು. ಒಬ್ಬರ ನಿಂಬೆಹಣ್ಣು ಬೀಳಲೇ ಇಲ್ಲ. ನೋಡಿದ್ರೆ ಹಲ್ಲಿಗೆ ಹಚ್ಚೋ ಸಿಮೆಂಟ್ ಹಚ್ಚಿ ಅಂಟಿಸ್ಕೊಂಡು ಬಂದಿದ್ರು. ಆಮೇಲೆ ಅವರೇ ಅದನ್ನ ಕೀಳೋಕಾಗದೆ ಒದ್ದಾಡಿದ್ರು."

ಮಗಳು ನಕ್ಕು ಗೀಟು ಹಾಕಿದಳು. ಮೇಷ್ಟ್ರಿಗೆ ಹುರುಪು ಏರಿತು. ಒಂದೊಂದಕ್ಕೂ ಒಂದೊಂದು ಕಥೆ, ಒಂದೊಂದು ಅಭಿನಯ. ಗಡಿಯಾರಕ್ಕೆ ಬಂದಾಗ ಅವರು ಕುರ್ಚಿಯಿಂದ ಎದ್ದು ಅಂಚೆಯವರ ಓಟವನ್ನು ಓಡಿಯೇ ತೋರಿಸಿದರು. ಹದಿನೇಳನೆಯದಾಗಿ ಹೆಂಡತಿ ದೊಡ್ಡ ಗುಂಡಿಯ ಆಕಾರದ ಹಿತ್ತಾಳೆ ಬಣ್ಣದ್ದೊಂದನ್ನು ಎತ್ತಿದಳು. ಎತ್ತಿದ ರೀತಿ ಸ್ವಲ್ಪ ಬೇರೆಯೇ ಇತ್ತು.

"ಇದಾ? ಸಿದ್ಧ ಉಡುಪು ಕಾರ್ಖಾನೆಯ ಮಹಿಳಾ ಕ್ರೀಡಾಕೂಟ. ಮಾದರಿ ಕೂಟ ಅಂದ್ರೆ ಇದು. ನನ್ನ ಇಡೀ ಜೀವಮಾನದಲ್ಲಿ ಒಂದೇ ಒಂದು ತಕರಾರಿಲ್ಲದೆ ಮುಗಿದ ಕೂಟ. ಹೆಣ್ಣುಮಕ್ಕಳ ಶಿಸ್ತೇ ಶಿಸ್ತು. ಕಾರಲ್ಲಿ ಕಾರ್ಖಾನೆ ಅಧ್ಯಕ್ಷರ ಪಕ್ಕ ಕೂರಿಸ್ಕೊಂಡು ನನ್ನನ್ನ ಮನೆಗೆ ಬಿಟ್ಟು ಹೋದ್ರು. ಅಂದ ಹಾಗೆ ಮದುವೆಗೆ ಮುಂಚೆ ನೀನೂ ಅಲ್ಲೇ ಕೆಲಸ ಮಾಡ್ತಿದ್ದೆ ಅಲ್ವೇನೇ? ಆ ದಿನ ರಜಾ ಹಾಕಿದ್ದೆಯೇನೋ."

ಹೆಂಡತಿ ಅವರ ಮುಖವನ್ನೇ ಒಂದು ಗಳಿಗೆ ನೋಡಿದಳು.

"ಬರ್ಕೋ ಮಗಳೇ," ಎಂದಳು, "ಪೂರ್ತಿ ಅಂಕ."

ಮಧ್ಯಾಹ್ನದ ಊಟದ ಹೊತ್ತಿಗೆ ಅರವತ್ತೆರಡಕ್ಕೆ ಅರವತ್ತೆರಡು. ಪೆಟ್ಟಿಗೆ ಖಾಲಿ ಬಾಯಿ ತೆರೆದು ಕೂತಿತ್ತು. ಮೇಷ್ಟ್ರ ಗಂಟಲು ಒಣಗಿತ್ತು, ಆದರೆ ಮುಖ ಮಾತ್ರ ಗೆದ್ದವರ ಮುಖ. ಇಂಥ ಪರೀಕ್ಷೆಗಳು ಸಂಸಾರದಲ್ಲಿ ಆಗಾಗ ನಡೆಯುತ್ತಿದ್ದರೆ ಗಂಡಸರ ಗೌರವ ಉಳಿಯುತ್ತದೆ ಎಂಬ ಅರ್ಥದ ಒಂದು ಮಾತನ್ನೂ ಆಡಿದರು. ಹೆಂಡತಿ ಬೀರುವಿನ ಮೇಲಿನ ಸಾಲಿನ ಮೂಲೆಗೆ ಕೈಹಾಕಿ ಕೊನೆಯದನ್ನು ತೆಗೆದಳು. ಅಂಗೈಯಗಲದ ಮರದ ತುಂಡು. ಅದರ ಮೇಲೆ ತಂತಿಯಲ್ಲಿ ಬಗ್ಗಿಸಿದ ಒಂದು ಸೈಕಲ್ಲು, ಒಂದು ಪೆಡಲು ಇರಲಿಲ್ಲ.

"ಇದು ಸೈಕಲ್ ಪಂದ್ಯ," ಎಂದರು ಮೇಷ್ಟ್ರು.

"ಅದು ನನಗೂ ಕಾಣುತ್ತೆ. ಯಾರದ್ದು?"

"ಹಾಲಿನ ಡೇರಿಯವರದ್ದು."

"ಏನಾಯ್ತು?"

"ಏನಾಗೋದು? ಸೈಕಲ್ ಹೊಡೆದ್ರು. ಹಾಲು ಕೊಟ್ರು. ಚೆನ್ನಾಗಿತ್ತು."

ಹೆಂಡತಿ ಅಂಗೈ ಸರಿಸಿದಳು. ಮಾಸಿದ ತಗಡಿನ ಮೇಲೆ ಸಿದ್ಧ ಉಡುಪು ಕಾರ್ಖಾನೆಯ ಹೆಸರು, ಅದರ ಕೆಳಗೆ 'ನಿಧಾನ ಸೈಕಲ್ ಸ್ಪರ್ಧೆ, ಭಾಗವಹಿಸಿದ್ದಕ್ಕಾಗಿ', ಅದರ ಕೆಳಗೆ ಅವಳ ಹೆಸರು. ತಾರೀಕು ಅವರ ಮದುವೆಗೆ ಮೂರು ತಿಂಗಳು ಮುಂಚಿನದು. ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಮಗಳು ಬಂದು ಹೆಗಲ ಮೇಲಿನಿಂದ ಬಗ್ಗಿ ಮೂರನೆಯ ಸಲ ಗಟ್ಟಿಯಾಗಿ ಓದಿದಳು.

"ಇದು... ನಿನ್ನದಾ?"

"ನನ್ನದೇ. ಅರವತ್ತಮೂರು ಅಂತ ಊರೆಲ್ಲ ಹೇಳ್ಕೊಂಡು ಬಂದ್ರಲ್ಲ, ನಿಮ್ಮದು ಅರವತ್ತೆರಡೇ."

ನಿಧಾನ ಸೈಕಲ್ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವರು ಗೆದ್ದಂತೆ. ನಡುವೆ ಕಾಲು ನೆಲಕ್ಕೆ ತಾಗಿದರೆ ಹೊರಗೆ. ಆ ದಿನ ಉಳಿದವರೆಲ್ಲ ಗೆರೆ ದಾಟಿಯಾಗಿತ್ತು. ಅವಳೊಬ್ಬಳೇ ಸೈಕಲ್ಲಿನ ಮೇಲೆ ಉಸಿರು ಬಿಗಿಹಿಡಿದು ನಿಂತಿದ್ದಳು, ಗೆರೆಗೆ ಒಂದು ಮೊಳ ಉಳಿದಿತ್ತು. ಆಗ ಸೀಟಿ ಬಿತ್ತು.

"ತಾಗಿದ್ದು ಕಾಲಲ್ಲ, ನನ್ನ ಬಟ್ಟೆ ಅಂಚು," ಎಂದಳು ಹೆಂಡತಿ. ದನಿ ಏರಿಸಲಿಲ್ಲ. "ನಿಮ್ಮ ಹತ್ರ ಬಂದು ಹೇಳಿದೆ. ತಕರಾರಿದ್ರೆ ಅರ್ಧ ಗಂಟೆಯೊಳಗೆ ಬರೆದು ಕೊಡಿ ಅಂದ್ರಿ. ಕಾಗದ ಹುಡುಕ್ಕೊಂಡು ಬರೋಷ್ಟರಲ್ಲಿ ಅಧ್ಯಕ್ಷರ ಕಾರಲ್ಲಿ ಹೋಗ್ಬಿಟ್ಟಿದ್ರಿ."

"ಮತ್ತೆ ನನ್ನನ್ನ ಯಾಕೆ ಮದುವೆ ಆದೆ?" ಮೇಷ್ಟ್ರ ದನಿ ಸಣ್ಣಗಾಗಿತ್ತು.

"ಮಾತುಕತೆಗೆ ಬಂದಾಗ ನೋಡಿದ ತಕ್ಷಣ ಗುರುತು ಸಿಕ್ತು. ನಿಮಗೆ ಸಿಗಲಿಲ್ಲ. ಒಪ್ಕೊಂಡ್ರೆ ಒಂದಿನ ಕೂರಿಸಿ ಕೇಳಬಹುದಲ್ಲ ಅಂದ್ಕೊಂಡೆ. ಆಮೇಲೆ ಪುರುಸೊತ್ತೇ ಆಗಲಿಲ್ಲ. ನೀವಾಗಿ ನೋಡಿ ಕೇಳ್ತೀರಿ ಅಂತ ಇದನ್ನ ಬೀರುಲಿ ಮುಂದೇನೇ ಇಟ್ಟಿದ್ದೆ. ನೀವು ಇದನ್ನ ಹಿಂದಕ್ಕೆ ತಳ್ಳಿ ಕೋಳಿನ ಮುಂದಿಟ್ರಿ."

"ಹದ್ದು," ಎನ್ನಲು ಮೇಷ್ಟ್ರು ಬಾಯಿ ತೆರೆದರು. ಅದು ಸಮಯವಲ್ಲ ಎಂದು ತಿಳಿಯುವಷ್ಟು ಬುದ್ಧಿ ಅವರಿಗೆ ಇನ್ನೂ ಉಳಿದಿತ್ತು. ಬಾಯಿ ಮುಚ್ಚಿದರು.

ಮಗಳು ಅಂಕಪಟ್ಟಿ ನೋಡಿದಳು. "ಅರವತ್ತೆರಡು ಸರಿ, ಒಂದು ತಪ್ಪು. ನಿಯಮದ ಪ್ರಕಾರ ಅಪ್ಪನದ್ದು ಎಲ್ಲಾ ಬೀರುಲಿ ಇರುತ್ತೆ. ಅಮ್ಮಂದು ಪೆಟ್ಟಿಗೆಗೆ," ಎಂದು ಆ ಮರದ ತುಂಡನ್ನು ತೆಗೆದು ಖಾಲಿ ಪೆಟ್ಟಿಗೆಯೊಳಗೆ ಇಟ್ಟಳು. ಅಷ್ಟು ದೊಡ್ಡ ಪೆಟ್ಟಿಗೆಯ ತಳದಲ್ಲಿ ಅದೊಂದೇ ಬಿದ್ದಿತ್ತು.

ಮೇಷ್ಟ್ರು ಪೆಟ್ಟಿಗೆಯನ್ನು ನೋಡಿದರು, ಬೀರುವನ್ನು ನೋಡಿದರು. ಗೆದ್ದಿದ್ದರು. ಇಷ್ಟು ಕೆಟ್ಟದಾಗಿ ಗೆದ್ದವರನ್ನು ಅವರು ಯಾವ ಮೈದಾನದಲ್ಲೂ ಕಂಡಿರಲಿಲ್ಲ. ಹಲ್ಲಿನ ಡಾಕ್ಟರರ ನಿಂಬೆಹಣ್ಣು ನೆನಪಿದ್ದ ತಲೆಗೆ ಒಂದು ಮೊಳ ದೂರದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ ಹುಡುಗಿ ನೆನಪಿರಲಿಲ್ಲ. ಅವರಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಹಟ ಬಂತು. ಎದ್ದು ನಿಂತು ಕೋಣೆಯ ನಡುವೆ ಜೋರಾಗಿ ಸೀಟಿ ಊದಿದರು.

"ತಕರಾರು ಸ್ವೀಕರಿಸಲಾಗಿದೆ. ತೀರ್ಪು ಬದಲಾಯಿಸ್ತೀನಿ. ನೀನೇ ಮೊದಲನೇ ಸ್ಥಾನ."

(ಇಪ್ಪತ್ತೈದು ವರ್ಷಗಳಲ್ಲಿ ಅವರು ಕೊಟ್ಟ ತೀರ್ಪು ಬದಲಾಯಿಸಿದ್ದು ಇದೇ ಮೊದಲು. ಒಮ್ಮೆ ಸಾಕುನಾಯಿಗಳ ಓಟದಲ್ಲಿ ಸತ್ತ ನಾಯಿಯೊಂದಕ್ಕೆ ಮೂರನೇ ಸ್ಥಾನ ಕೊಟ್ಟಾಗಲೂ ಬದಲಾಯಿಸಿರಲಿಲ್ಲ. ಅದು ಗೆರೆ ದಾಟುವಾಗ ಬದುಕಿತ್ತು ಎನ್ನುವುದು ಅವರ ವಾದ.)

"ದಯೆ ತೋರಿಸಿ ಕೊಡೋದು ನನಗೆ ಬೇಡ," ಎಂದಳು ಹೆಂಡತಿ. "ಮತ್ತೆ ನಡೆಸಿ. ನೋಡಿ ಕೊಡಿ."

ಮಗಳ ಸೈಕಲ್ಲು ಓಣಿಗೆ ಬಂತು. ಮೇಷ್ಟ್ರು ಹೊಲಿಗೆಯ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದರು. ಹೆಂಡತಿ ಈ ಸಲ ಬಟ್ಟೆಯ ಅಂಚನ್ನು ಮೇಲಕ್ಕೆ ಮಡಚಿ ನಾಲ್ಕು ಗುಂಡುಸೂಜಿ ಚುಚ್ಚಿದ್ದಳು. ಎದುರಿನ ಕ್ಷೌರದಂಗಡಿಯವನು ಅರ್ಧ ಗಡ್ಡದ ಗಿರಾಕಿಯ ಸಮೇತ ಹೊರಗೆ ಬಂದು ನಿಂತ. ಸೀಟಿ ಬಿತ್ತು. ಅವಳು ಹೊರಟಳು ಅನ್ನುವುದಕ್ಕಿಂತ ಹೊರಡದೆ ಉಳಿದಳು ಅನ್ನಬೇಕು. ಸೈಕಲ್ಲಿನ ಮುಂದಿನ ಗಾಲಿ ಚೂರು ಎಡಕ್ಕೆ, ಚೂರು ಬಲಕ್ಕೆ ಆಡುತ್ತಿತ್ತು. ಮೇಷ್ಟ್ರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು, ಕುಕ್ಕರುಗಾಲಲ್ಲಿ ಅವಳ ಪಕ್ಕದಲ್ಲೇ ಸರಿಯುತ್ತಾ, ಗಲ್ಲ ನೆಲಕ್ಕೆ ತಾಗುವಷ್ಟು ಬಗ್ಗಿ ಅವಳ ಪಾದವನ್ನೇ ನೋಡುತ್ತಿದ್ದರು. ಗೆರೆಗೆ ಒಂದು ಮೊಳ ಇದ್ದಾಗ ಅವಳು ನಿಂತೇಬಿಟ್ಟಳು. ಗಿರಾಕಿಯ ಮುಖದ ನೊರೆ ಒಣಗಿತು. ಆಗ ಮೇಷ್ಟ್ರಿಗೆ ಕಂಡಿತು, ಪಾದವಲ್ಲ, ಮುಖ. ತುಟಿ ಕಚ್ಚಿಕೊಂಡ, ಬೆವರಿದ, ಬಿಟ್ಟುಕೊಡುವುದಿಲ್ಲ ಎನ್ನುವ ಒಂದು ಮುಖ. ಎಲ್ಲೋ ನೋಡಿದ್ದೇನಲ್ಲ ಎಂದು ಕತ್ತೆತ್ತಿದರು. ಉಳುಕಿದ್ದ ಕತ್ತು ಕಟಕ್ಕೆಂದಿತು. ಮೇಷ್ಟ್ರು ಸೀಟಿಯ ಸಮೇತ ಅಂಗಾತ ಬಿದ್ದರು.

ಸೈಕಲ್ಲು ಮೆಲ್ಲಗೆ ಗೆರೆ ದಾಟಿತು.

"ಕಾಲು ತಾಗಿತಾ?" ಎಂದಳು ಹೆಂಡತಿ, ಇನ್ನೂ ಇಳಿಯದೆ.

"ನಿಂದು ತಾಗಲಿಲ್ಲ," ಎಂದರು ಮೇಷ್ಟ್ರು ನೆಲದಿಂದಲೇ. "ಆವತ್ತೂ ತಾಗಿರಲಿಲ್ಲ ಕಣೇ."

ಸಂಜೆಯೊಳಗೆ ಬೀರು ಖಾಲಿಯಾಯಿತು. ಖಾಲಿ ಮಾಡಿದವರು ಮೇಷ್ಟ್ರೇ, ಯಾರೂ ಹೇಳಲಿಲ್ಲ. ಅರವತ್ತೆರಡೂ ಪೆಟ್ಟಿಗೆ ಸೇರಿದವು, ಪೆಟ್ಟಿಗೆ ಅಟ್ಟ ಸೇರಿತು. ಬಿಳಿ ಬಟ್ಟೆಯ ಸುರುಳಿಗಳು, ದಾರದ ಉಂಡೆಗಳು, ಅಳತೆಯ ಕಾಗದಗಳು ಸಾಲಾಗಿ ಕೂತವು. ಮೇಲಿನ ಸಾಲಿನಲ್ಲಿ, ಎಲ್ಲಕ್ಕಿಂತ ಮುಂದೆ, ಮರದ ತುಂಡಿನ ಮೇಲೆ ತಂತಿಯ ಸೈಕಲ್ಲು. ಇಲ್ಲದ ಪೆಡಲಿನ ಜಾಗಕ್ಕೆ ಮೇಷ್ಟ್ರು ಒಂದು ಗುಂಡುಸೂಜಿ ಬಗ್ಗಿಸಿ ಸಿಕ್ಕಿಸಿದ್ದರು.

ಕತ್ತಿಗೆ ಬಿಸಿಬಟ್ಟೆ ಸುತ್ತಿಕೊಂಡು ಅವರು ಅದರ ಮುಂದೆ ನಿಂತಿದ್ದಾಗ ಹೆಂಡತಿ ಬಂದು ಪಕ್ಕದಲ್ಲಿ ನಿಂತಳು.

"ನಿಮ್ಮದೂ ಒಂದು ಇಟ್ಕೊಳ್ಳಿ ಬೇಕಾದ್ರೆ. ಜಾಗ ಇದೆ."

ಮೇಷ್ಟ್ರಿಗೆ ಎದೆ ತುಂಬಿ ಬಂತು. "ಆ ಗುಂಡಿ ಆಕಾರದ್ದನ್ನ ಇಡ್ಲಾ? ಒಂದೇ ಕೂಟದವು, ಜೋಡಿ ಆಗುತ್ತೆ."

"ಯಾವುದು? ಒಂದೂ ತಕರಾರಿಲ್ಲದೆ ಮುಗೀತಲ್ಲ, ಅದಾ?"

"ಬೇಡ ಬಿಡು," ಎಂದರು ಮೇಷ್ಟ್ರು.

ಹೆಂಡತಿ ಯಂತ್ರದ ಕಡೆ ಹೋದವಳು ತಿರುಗಿ ಬಂದು, ಕತ್ತರಿಸಿ ಉಳಿದ ಒಂದು ತುಂಡು ಬಿಳಿ ಬಟ್ಟೆಯನ್ನು ಅವರ ಕೈಗಿಟ್ಟಳು.

"ಇದೇನು?"

"ಧೂಳು ಒರೆಸೋಕೆ. ದಿನಾ ಬೆಳಿಗ್ಗೆ, ಹಲ್ಲುಜ್ಜೋಕೆ ಮುಂಚೆ. ಒಬ್ಬರಿಗೇ ಹೇಳಿದ್ದು ಅಂದ್ರಲ್ಲ?"

ಆಗಿದ್ದು ಆಗಿಹೋಯಿತಲ್ಲ, ಈಗ್ಯಾಕೆ ಎಂದು ಮೇಷ್ಟ್ರು ಗೊಣಗಿದರು.

"ಈಗ ಅಲ್ಲ," ಎಂದಳು ಹೆಂಡತಿ, ಯಂತ್ರ ಶುರುಮಾಡುತ್ತಾ. "ಇನ್ನು ಮುಂದೆ."

ತಾತ ಅರ್ಧ ಗಂಟೆ ಹೇಳಿದ್ದನ್ನು ಲ್ಯಾಟಿನ್ ಗೊತ್ತಿಲ್ಲದ ಇವಳು ಎರಡು ಮಾತಲ್ಲಿ ಮುಗಿಸಿದ್ದಳು. ಯಂತ್ರದ ಸದ್ದಿನಲ್ಲಿ ಮೇಲ್ಮನವಿಗೆ ಅವಕಾಶವಿರಲಿಲ್ಲ. ಸೀಟಿ ಮೇಷ್ಟ್ರು ಬೀರುವಿನ ಬಾಗಿಲು ತೆರೆದು, ಗುಂಡುಸೂಜಿಯ ಪೆಡಲು ಅಲುಗದಂತೆ, ಬಹಳ ನಿಧಾನವಾಗಿ ಒರೆಸತೊಡಗಿದರು.